ನೀರೊಳಗಿನ ಎಮ್ಮೆಗೆ ಬೆಲೆ

ನಮ್ಮ ದನದ ಜಾತ್ರೆಗಳಲ್ಲಿ ಎತ್ತು ಕೊಳ್ಳಹೋದ ರೈತ ಸುಮ್ಮನೆ ಹಣ ಎಣಿಸುವವನಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೋ ಎಂದು ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ನೋಡದೆ ಕೊಂಡವನನ್ನು ಕುರಿತು ಹಿರಿಯರು ಒಂದು ಗಾದೆಯನ್ನೇ ಮಾಡಿಟ್ಟಿದ್ದಾರೆ: ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ. ಕಾಣುವುದು ಎರಡು ಕೊಂಬು, ಒಂದು ಮೂತಿ. ಕಾಲು ನಾಲ್ಕಿವೆಯೋ ಮೂರೇ ಇವೆಯೋ, ದೇವರೇ ಬಲ್ಲ.

ಈ ಗಾದೆ ಎಮ್ಮೆಯ ಕಾಲದೊಂದಿಗೆ ಮುಗಿದುಹೋಗಲಿಲ್ಲ. ಇಂದಿನ ಲೋಕದಲ್ಲಿ ಅದು ಅಕ್ಷರಶಃ ಸಲ್ಲುವ ಒಂದು ವ್ಯಾಪಾರವಿದೆ. ಫೆರಾರಿ, ಬುಗಾಟ್ಟಿ, ಮೆಕ್ಲಾರೆನ್ ಮೊದಲಾದ, ಕೋಟಿಗಳಲ್ಲಿ ಬೆಲೆಬಾಳುವ ಓಟದ ಕಾರುಗಳ ಹೆಸರನ್ನು ವಾಚಕರು ಕೇಳಿಯೇ ಇರುತ್ತಾರೆ. ಇಂಥ ಕಾರೊಂದು ಮರಕ್ಕೆ ಬಡಿದೋ, ಬೆಂಕಿಗೆ ಸಿಕ್ಕಿಯೋ, ಪ್ರವಾಹದಲ್ಲಿ ಮುಳುಗಿಯೋ ಹಾಳಾದಾಗ, ರಿಪೇರಿಯ ಖರ್ಚು ಕಾರಿನ ಬೆಲೆಯ ಹತ್ತಿರ ಹೋಯಿತೆಂದರೆ ವಿಮಾ ಕಂಪೆನಿ ಮಾಲೀಕನಿಗೆ ಪೂರ್ತಿ ಹಣ ಕೊಟ್ಟು ಕಳೇಬರವನ್ನು ತಾನು ತೆಗೆದುಕೊಳ್ಳುತ್ತದೆ. ಅಮೆರಿಕದಲ್ಲಾದರೆ ಅದರ ಹಕ್ಕುಪತ್ರದ ಮೇಲೆ ‘ಸಾಲ್ವೇಜ್’ ಎಂಬ ಮುದ್ರೆ ಬೀಳುತ್ತದೆ. ಆಮೇಲೆ ಹರಾಜು. ಹರಾಜಿನಲ್ಲಿ ಕೊಂಡವನು ತಟ್ಟಿ, ಬೆಸೆದು, ಬಣ್ಣ ಬಳಿದು ಮತ್ತೆ ಮಾರಾಟಕ್ಕೆ ನಿಲ್ಲಿಸುತ್ತಾನೆ. ಅದೇ ಹೊಳಪು, ಅದೇ ಗರ್ಜನೆ, ಬೆಲೆ ಮಾತ್ರ ತೀರ ಕಡಮೆ. ಆಸೆ ಹುಟ್ಟುವುದು ಸಹಜ. ಕೊಳ್ಳಬಹುದೇ?

ಈ ಪ್ರಶ್ನೆಯನ್ನು ಕಾರ್ಖಾನೆಯ ಮೇಸ್ತ್ರಿಗೆ ಕೇಳಿದರೆ ಅವನು ಕಬ್ಬಿಣದ ಮಾತನ್ನು ಹೇಳಿಯಾನು. ಚರಿತ್ರೆಯನ್ನು ಕೇಳಿದರೆ ಅದು ಬೇರೆಯದೇ ಉತ್ತರ ಕೊಡುತ್ತದೆ. ಹಾಳಾದ ಕಾರುಗಳ ಚರಿತ್ರೆ ಸ್ವಾರಸ್ಯವಾದುದು. ಅದರ ನಾಲ್ಕಾರು ಪುಟಗಳನ್ನು ಇಲ್ಲಿ ತಿರುವಿ ನೋಡೋಣ.

ಗಾದೆಯ ಮಾತು ಬಂದುದರಿಂದ ನೀರೊಳಗಿನ ಕಾರಿನಿಂದಲೇ ಮೊದಲು ಮಾಡಬಹುದು. ಇಟಲಿಗೂ ಸ್ವಿಟ್ಜರ್ಲೆಂಡಿಗೂ ಸೇರಿದ ಮಜ್ಜೋರೆ ಎಂಬ ಸರೋವರವಿದೆ. ಅದರ ದಡದಲ್ಲಿ, ಸ್ವಿಟ್ಜರ್ಲೆಂಡಿನ ಕಡೆಗೆ, ಅಸ್ಕೋನ ಎಂಬ ಪುಟ್ಟ ಊರು. ಸುಂಕ ಕಟ್ಟದ ಒಂದು ಬುಗಾಟ್ಟಿ ಕಾರು 1930ರ ದಶಕದಲ್ಲಿ ಆ ಊರಿನಲ್ಲಿ ಅನಾಥವಾಗಿ ನಿಂತಿತ್ತಂತೆ. ಪ್ಯಾರಿಸಿನಲ್ಲಿ ಇಸ್ಪೀಟಾಟದಲ್ಲಿ ಒಬ್ಬ ಓಟಗಾರ ಇನ್ನೊಬ್ಬನಿಗೆ ಅದನ್ನು ಸೋತನೆಂದು ಕಥೆ. ಗೆದ್ದವನ ಕೈಯಲ್ಲಿ ಸುಂಕಕ್ಕೆ ಕಾಸಿರಲಿಲ್ಲ. ಸುಂಕ ಬಾರದ ಸರಕನ್ನು ನಾಶಪಡಿಸಬೇಕೆಂಬುದು ಕಾನೂನು. ಅಧಿಕಾರಿಗಳು ಕಾರಿಗೆ ಸರಪಣಿ ಕಟ್ಟಿ ಸರೋವರಕ್ಕೆ ಇಳಿಬಿಟ್ಟರು. ಯಾರಾದರೂ ಹಣ ಕಟ್ಟಲು ಬಂದರೆ ಮೇಲೆತ್ತೋಣ ಎಂಬ ದೂರಾಲೋಚನೆ. ಯಾರೂ ಬರಲಿಲ್ಲ. ಸರಪಣಿ ತುಕ್ಕು ಹಿಡಿದು ಹರಿಯಿತು. ಕಾರು ಐವತ್ತಕ್ಕೂ ಹೆಚ್ಚು ಮೀಟರು ಆಳದ ಕೆಸರಿನಲ್ಲಿ ಹೋಗಿ ಕುಳಿತಿತು. ಇಸ್ಪೀಟಿನ ಭಾಗ ಎಷ್ಟು ನಿಜವೋ ಕಥೆ ಹೇಳಿದವರಿಗೇ ಗೊತ್ತು. ಕೆಸರಿನ ಭಾಗ ಮಾತ್ರ ಪೂರ್ಣ ನಿಜ. 1967ರಲ್ಲಿ ಒಬ್ಬ ಮುಳುಗಾಳು ಅದನ್ನು ಕಂಡನು. ಆಮೇಲೆ ನಾಲ್ಕು ದಶಕಗಳ ಕಾಲ ಆ ಊರಿನ ಮುಳುಗುಗಾರರಿಗೆ ಅದೊಂದು ಯಾತ್ರಾಸ್ಥಳವಾಯಿತು.

2008ರಲ್ಲಿ ನೆರೆಯ ಲೊಕಾರ್ನೊ ಊರಿನ ಜಾತ್ರೆಯಲ್ಲಿ, ಆ ಮುಳುಗುಗಾರರ ಬಳಗಕ್ಕೆ ಬೇಕಾದ ಒಬ್ಬ ತರುಣ ಪುಂಡರ ಹೊಡೆತಕ್ಕೆ ಬಲಿಯಾದನು. ಅವನ ನೆನಪಿನಲ್ಲಿ ತರುಣರ ಹಿಂಸಾಚಾರವನ್ನು ತಡೆಯಲೆಂದು ಒಂದು ನಿಧಿ ಹುಟ್ಟಿತು. ನಿಧಿಗೆ ಹಣ ಬೇಕಲ್ಲ? ಬಳಗದವರು ತಿಂಗಳುಗಟ್ಟಲೆ ಕೆಸರು ತೋಡಿ 2009ರ ಜುಲೈ 12ರಂದು ಕಾರನ್ನು ಮೇಲೆತ್ತಿದರು. ಒಂದು ಪಕ್ಕ ತಿಂದುಹೋಗಿದ್ದಿತು. ಕೆಸರಿನಲ್ಲಿ ಹೂತಿದ್ದ ಪಕ್ಕ ಮಾತ್ರ ಕಾರಿನ ಆಕಾರವನ್ನು ಉಳಿಸಿಕೊಂಡಿದ್ದಿತು. 2010ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ನಡೆದ ಹರಾಜಿನಲ್ಲಿ ಅದು 2,60,500 ಯೂರೋಗಳಿಗೆ ಹೋಯಿತು. ಕೊಂಡವರು ಅಮೆರಿಕದ ಸಂಗ್ರಹಕಾರ ಪೀಟರ್ ಮುಲಿನ್. ಅವರು ಅದನ್ನು ರಿಪೇರಿ ಮಾಡಿಸಲಿಲ್ಲ. ಕ್ಯಾಲಿಫೋರ್ನಿಯದ ತಮ್ಮ ವಸ್ತುಸಂಗ್ರಹಾಲಯದಲ್ಲಿ ತುಕ್ಕು ತುಕ್ಕಾಗಿಯೇ ಇಟ್ಟರು.

ಇಲ್ಲಿ ಯಾರೂ ಮೋಸಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಕೊಂಡವರಿಗೆ ತಾವು ಕೊಳ್ಳುತ್ತಿರುವುದು ತುಕ್ಕೆಂದು ಗೊತ್ತಿತ್ತು. ಮಾರಿದವರು ಅದನ್ನು ತುಕ್ಕೆಂದೇ ಮಾರಿದರು. ಎಮ್ಮೆ ದಡಕ್ಕೆ ಬಂದು ನಿಂತಿತ್ತು. ಅದಕ್ಕೆ ಕಾಲಿಲ್ಲವೆಂಬುದು ಎಲ್ಲರಿಗೂ ಕಾಣುತ್ತಿತ್ತು.

ಇನ್ನು ಎರಡನೆಯ ಪುಟ. ಇದು ಇಂಗ್ಲೆಂಡಿನದು, ತುಸು ತರ್ಕದ ತೊಡಕುಳ್ಳದ್ದು. ಫ್ರಾನ್ಸಿನ ಲ ಮಾನ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆ ಬಿಡದೆ ಓಡುವ ಪ್ರಸಿದ್ಧ ಪಂದ್ಯವಿದೆ. 1929ರಲ್ಲಿ ಅದನ್ನು ಗೆದ್ದುದು ಒಂದು ಬೆಂಟ್ಲಿ ಕಾರು. 1930ರಲ್ಲಿ ಗೆದ್ದುದೂ ಅದೇ ಕಾರು. ‘ಓಲ್ಡ್ ನಂಬರ್ ಒನ್’ ಎಂದು ಜನ ಅದನ್ನು ಕರೆದರು. ಪಂದ್ಯದ ಕಾರು ದೇವರ ತೇರಿನಂತಲ್ಲ. ಪ್ರತಿ ಪಂದ್ಯಕ್ಕೂ ಅದರ ಅಂಗಾಂಗಗಳನ್ನು ಬಿಚ್ಚಿ ಬದಲಿಸುತ್ತಾರೆ. ಚೌಕಟ್ಟು ಬದಲಾಯಿತು, ಎಂಜಿನು ಬದಲಾಯಿತು, 1932ಕ್ಕೆ ಅದರೊಳಗೆ ಎಂಟು ಲೀಟರಿನ ಹೊಸ ಎಂಜಿನು ಬಂದು ಕುಳಿತಿತು. ಆ ವರ್ಷ ಬ್ರೂಕ್‌ಲ್ಯಾಂಡ್ಸ್ ಮೈದಾನದ 500 ಮೈಲಿ ಪಂದ್ಯದಲ್ಲಿ ಕ್ಲೈವ್ ಡನ್‌ಫೀ ಎಂಬ ಓಟಗಾರ ಅದನ್ನು ನಡೆಸುತ್ತಿದ್ದಾಗ, ಕಾರು ಓಟದ ಹಾದಿಯ ಎತ್ತರದ ಇಳಿಜಾರನ್ನು ಮೀರಿ ಆಚೆಗೆ ಹಾರಿಹೋಯಿತು. ಡನ್‌ಫೀ ಅಲ್ಲಿಯೇ ತೀರಿಕೊಂಡನು. ಭಗ್ನವಾದ ಕಾರಿಗೆ ಆಮೇಲೆ ಬೇರೆ ಮೈ ಹೊದಿಸಿ ರಸ್ತೆಯ ಕಾರನ್ನಾಗಿ ಮಾಡಿದರು.

ಐವತ್ತೆಂಟು ವರ್ಷಗಳು ಕಳೆದವು. 1990ರ ಏಪ್ರಿಲಿನಲ್ಲಿ ಅಂದಿನ ಮಾಲೀಕ ಆ ಕಾರನ್ನು ಒಂದು ಕಂಪೆನಿಗೆ ಒಂದು ಕೋಟಿ ಪೌಂಡಿಗೆ ಮಾರಲು ಕರಾರು ಮಾಡಿಕೊಂಡನು. ಸ್ವಲ್ಪ ದಿನದಲ್ಲಿಯೇ ಕೊಳ್ಳುವವರ ಮನಸ್ಸಿನಲ್ಲಿ ಸಂಶಯ ಹುಟ್ಟಿತು. ಲ ಮಾನ್ ಗೆದ್ದ ಕಾರಿನ ಯಾವ ಭಾಗ ಇದರಲ್ಲಿದೆ? ಇದು ಆ ಕಾರೇ ಅಲ್ಲ, ಹಣ ಕೊಡುವುದಿಲ್ಲ ಎಂದರು. ವ್ಯಾಜ್ಯ ಲಂಡನ್ನಿನ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಆಟನ್ ಅವರು ಒಂದೊಂದು ಭಾಗದ ಜಾತಕವನ್ನೂ ಬಿಡಿಸಿ ನೋಡಿದರು. 1929ರ ಕಾರಿನದು ಹೆಚ್ಚುಕಡಮೆ ಏನೂ ಉಳಿದಿರಲಿಲ್ಲ. 1930ರ ಕಾರಿನದು ಉಳಿದದ್ದು ಅಲ್ಪ. 1932ರದೇ ಬಹುಪಾಲು. ಕಬ್ಬಿಣದ ಲೆಕ್ಕದಲ್ಲಿ ವಾದ ಕೊಳ್ಳುವವರ ಕಡೆಗೇ ವಾಲಿತ್ತು.

ಆದರೂ ನ್ಯಾಯಾಧೀಶರ ತೀರ್ಪು ಮಾರುವವನ ಪರವಾಗಿ ಬಂದಿತು. ಅವರ ವಿಚಾರಸರಣಿ ಹೀಗಿದ್ದಿತು: ಈ ಕಾರು ಒಂದು ದಿನವೂ ಇಲ್ಲವಾಗಿ ಹೋಗಿರಲಿಲ್ಲ, ಬದಲಾದ ಭಾಗಗಳೆಲ್ಲ ಒಂದಾದ ಮೇಲೊಂದರಂತೆ ಬಂದು ಅದರಲ್ಲಿ ಬೆರೆತವು, ಈ ಹೆಸರಿಗೆ ಹಕ್ಕು ಹೇಳಬಲ್ಲ ಬೇರೊಂದು ಕಾರು ಭೂಮಿಯ ಮೇಲಿಲ್ಲ. ಮಾರಾಟಕ್ಕೆ ಇಟ್ಟದ್ದು ಬರಿಯ ಲೋಹವನ್ನಲ್ಲ. ಅದರ ಚರಿತ್ರೆಯನ್ನೂ ಕೀರ್ತಿಯನ್ನೂ.

ಈ ಮಾತನ್ನು ಓದಿದಾಗ ನನಗೆ ನಮ್ಮ ಹಳೆಯ ಮನೆಗಳ ನೆನಪಾಗುತ್ತದೆ. ಅಜ್ಜನ ಕಾಲದ ಹೆಂಚು ಹೋಗಿ ಅಪ್ಪನ ಕಾಲದ ಹೆಂಚು ಬಂತು. ತೊಲೆಗೆ ಗೆದ್ದಲು ಹಿಡಿದು ಹೊಸ ತೊಲೆ ಏರಿತು. ಗೋಡೆ ಕುಸಿದು ಮತ್ತೆ ಎದ್ದಿತು. ಆದರೂ ಅದು ಅಜ್ಜನ ಮನೆಯೇ. ಯಾಕೆ? ನಾವು ಒಂದು ದಿನವೂ ಅದನ್ನು ಬಿಟ್ಟಿರಲಿಲ್ಲ. ಯಾವ ತೊಲೆ ಯಾವಾಗ ಬಂತೆಂದು ಮನೆಯಲ್ಲಿ ಹೇಳುವವರಿದ್ದರು. ಹಳೆಯ ಬೆಂಟ್ಲಿಯ ಪ್ರಾಣ ಉಳಿದದ್ದೂ ಹೀಗೆಯೇ. ಎಲ್ಲಿ ಪೆಟ್ಟು ಬಿತ್ತು, ಯಾರು ಸತ್ತರು, ಯಾವಾಗ ಯಾವ ಎಂಜಿನು ಬಂತು ಎಂಬುದೆಲ್ಲ ದಾಖಲೆಯಲ್ಲಿದ್ದಿತು.

ಇದೇ ತರ್ಕದ ತುತ್ತತುದಿಯನ್ನು 2023ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಮಾಂಟರೆ ಎಂಬಲ್ಲಿ ನಡೆದ ಹರಾಜು ತೋರಿಸಿತು. ಅಲ್ಲಿ ಮಾರಾಟವಾದ ಒಂದು ಫೆರಾರಿ 1954ರದು, 500 ಮೊಂಡಿಯಾಲ್ ಎಂಬ ಮಾದರಿಯದು. ಓಟದ ದಿನಗಳು ಮುಗಿಯುವ ಹೊತ್ತಿಗೆ ಅದು ಅಪಘಾತಕ್ಕೆ ಸಿಕ್ಕಿ ಸುಟ್ಟುಹೋಗಿ, ದಶಕಗಳ ಕಾಲ ಕೊಟ್ಟಿಗೆಯಲ್ಲಿ ಬಿದ್ದಿದ್ದಿತು. 2004ರಲ್ಲಿ ಫ್ಲಾರಿಡದ ಚಂಡಮಾರುತದಲ್ಲಿ ಆ ಕೊಟ್ಟಿಗೆಯೂ ಅದರ ಮೇಲೆ ಕುಸಿಯಿತು. ಚಿತ್ರವನ್ನು ನೋಡಿದವರಿಗೆ ಅದು ಕಾರೆಂದು ಹೇಳಿದರೆ ನಂಬಿಕೆ ಬರುವುದು ಕಷ್ಟ. ಸುಕ್ಕಾದ ತಗಡಿನ ಒಂದು ಮುದ್ದೆ. ಅದಕ್ಕೆ ಬಂದ ಬೆಲೆ 18,75,000 ಡಾಲರು! ಕೊಂಡವರು ಕೊಂಡದ್ದು ತಗಡನ್ನಲ್ಲ. ಚೌಕಟ್ಟಿನ ಸಂಖ್ಯೆಯನ್ನು, ಆ ಸಂಖ್ಯೆಯ ಹಿಂದಿರುವ ವಂಶಾವಳಿಯನ್ನು.

ಇಲ್ಲಿಯವರೆಗೆ ಬಂದ ವಾಚಕರು, ಹಾಗಾದರೆ ಹಾಳಾದ ಕಾರನ್ನು ಕೊಳ್ಳುವುದು ಲಾಭದ ವ್ಯಾಪಾರವೇ ಆಯಿತಲ್ಲ ಎಂದಾರು. ಅವಸರ ಬೇಡ. ಮೇಲಿನ ಮೂರೂ ಕಾರುಗಳು ನೋಡುವುದಕ್ಕೆ ಬೆಲೆಬಾಳುವಂಥವು. ಅವುಗಳಲ್ಲಿ ಎರಡು ಓಡುವುದೇ ಇಲ್ಲ. ನಾವು ಕೇಳಿದ ಪ್ರಶ್ನೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೂರು ಮೈಲಿ ವೇಗದಲ್ಲಿ ಓಡಿಸಬಹುದಾದ ಕಾರಿನದು. ಅಲ್ಲಿ ಕಥೆ ಬೇರೆ ದಾರಿ ಹಿಡಿಯುತ್ತದೆ.

2009ರ ನವೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಲ ಮಾರ್ಕ್ ಎಂಬ ಊರಿನ ಬಳಿ ಒಂದು ಬುಗಾಟ್ಟಿ ವೇರಾನ್ ಕಾರು ರಸ್ತೆ ಬಿಟ್ಟು ಉಪ್ಪುನೀರಿನ ಹಿನ್ನೀರಿಗೆ ಇಳಿಯಿತು. ಹದಿನಾರು ಸಿಲಿಂಡರು, ಸಾವಿರ ಕುದುರೆಗಳ ಬಲ, ಆ ಕಾಲದ ಅತಿ ವೇಗದ ಕಾರುಗಳಲ್ಲಿ ಒಂದು. ಹೆಜ್ಜಾರ್ಲೆ ಹಕ್ಕಿಯೊಂದು ಅಡ್ಡ ಹಾರಿ ಬಂದುದರಿಂದ ಹೀಗಾಯಿತೆಂದು ಮಾಲೀಕ ಹೇಳಿದನು. ಆದರೆ ಆ ಹೊತ್ತಿಗೆ ಸರಿಯಾಗಿ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಪ್ರಯಾಣಿಕ ಕಾರಿನ ಚೆಲುವಿಗೆ ಮರುಳಾಗಿ ಅದರ ಚಲಚ್ಚಿತ್ರ ತೆಗೆಯುತ್ತಿದ್ದನು. ಚಿತ್ರದಲ್ಲಿ ಕಾರಿದ್ದಿತು, ನೀರಿದ್ದಿತು, ಹಕ್ಕಿಯಿರಲಿಲ್ಲ. ಕಾರಿಗೆ 22 ಲಕ್ಷ ಡಾಲರಿನ ವಿಮೆ ಇದ್ದುದೂ, ನೀರಿಗಿಳಿದ ಮೇಲೆ ಎಂಜಿನನ್ನು ನಿಲ್ಲಿಸದೆ ಬಿಟ್ಟುದೂ ಹೊರಗೆ ಬಂದವು. ಉಪ್ಪುನೀರು ಎಂಜಿನಿನೊಳಕ್ಕೆ ಹೋಗಿ ಪೂರ್ತಿ ಹಾಳಾಗಲಿ ಎಂಬುದೇ ಉದ್ದೇಶವಾಗಿತ್ತು. ಅವನು ತಪ್ಪೊಪ್ಪಿಕೊಂಡು, 2015ರಲ್ಲಿ ಒಂದು ವರ್ಷ ಒಂದು ದಿನದ ಸೆರೆವಾಸದ ಶಿಕ್ಷೆಗೆ ಗುರಿಯಾದನು.

ಆ ದಾರಿಹೋಕ ಅಲ್ಲಿರದಿದ್ದರೆ ಏನಾಗುತ್ತಿತ್ತೆಂದು ಆಲೋಚಿಸಿ ನೋಡಿ. ‘ಹಕ್ಕಿ ಅಡ್ಡಬಂದು ನೀರಿಗೆ ಬಿದ್ದದ್ದು, ಕೂಡಲೇ ಎತ್ತಿದ್ದು’ ಎಂಬ ಒಂದು ಸಾಲಿನ ಕಥೆಯೊಂದಿಗೆ ಆ ಕಾರು ಹರಾಜಿಗೆ ಬರುತ್ತಿತ್ತು. ಸಿಹಿನೀರೋ ಉಪ್ಪುನೀರೋ, ಎಂಜಿನು ನಿಂತಿತ್ತೋ ಓಡುತ್ತಿತ್ತೋ ಎಂಬುದನ್ನು ಆ ಸಾಲು ಹೇಳುತ್ತಿರಲಿಲ್ಲ. ಇವೆರಡರ ನಡುವಣ ಅಂತರವಾದರೋ ಬದುಕು ಸಾವುಗಳ ಅಂತರ. ಇಂದಿನ ಕಾರಿನ ಬ್ರೇಕನ್ನೂ ಗಾಳಿಚೀಲವನ್ನೂ ವಿದ್ಯುತ್ತಿನ ಪುಟ್ಟ ಪೆಟ್ಟಿಗೆಗಳು ಆಳುತ್ತವೆ. ತಂತಿಗಳು ಕೂಡುವ ಕಡೆಯಲ್ಲಿ ಉಪ್ಪು ಕುಳಿತರೆ ಅದು ಆ ದಿನವೇ ಕೆಡುವುದಿಲ್ಲ. ಆರು ತಿಂಗಳಾದ ಮೇಲೆ, ಮಳೆಯ ರಾತ್ರಿಯಲ್ಲಿ, ಇಳಿಜಾರಿನಲ್ಲಿ ಕೆಡುತ್ತದೆ.

ಇಂಥ ಸುಳ್ಳನ್ನು ತಡೆಯಲೆಂದೇ ಅಮೆರಿಕದವರು ಹಕ್ಕುಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿ ಮಾಡಿದರು. ಆದರೆ ಅಲ್ಲಿ ಹಕ್ಕುಪತ್ರ ಕೊಡುವುದು ಆಯಾ ಪ್ರಾಂತದ ಸರಕಾರ. ಐವತ್ತು ಪ್ರಾಂತಗಳಿಗೆ ಐವತ್ತು ಕಾನೂನು. ರಿಪೇರಿಯ ವೆಚ್ಚ ಕಾರಿನ ಬೆಲೆಯ ಮುಕ್ಕಾಲು ಪಾಲಾದರೆ ಒಂದು ಪ್ರಾಂತ ಮುದ್ರೆ ಒತ್ತುತ್ತದೆ. ಪೂರ್ತಿ ಬೆಲೆಯನ್ನು ಮುಟ್ಟುವ ತನಕ ಇನ್ನೊಂದು ಕಾಯುತ್ತದೆ. ಈ ಸಂದಿಯಲ್ಲಿ ಒಂದು ಕಸಬು ಬೆಳೆಯಿತು. ಮುದ್ರೆ ಬಿದ್ದ ಕಾರನ್ನು ಸಡಿಲ ಕಾನೂನಿನ ಬೇರೊಂದು ಪ್ರಾಂತಕ್ಕೆ ಒಯ್ದು ಅಲ್ಲಿ ಹೊಸ ಹಕ್ಕುಪತ್ರ ಮಾಡಿಸುವುದು. ಹಳೆಯ ಮುದ್ರೆ ಮಾಯ. ಇದಕ್ಕೆ ಅವರು ಹಕ್ಕುಪತ್ರವನ್ನು ‘ತೊಳೆಯುವುದು’ ಎನ್ನುತ್ತಾರೆ. ನಮ್ಮಲ್ಲಿ ಪಾಪ ಕಳೆದುಕೊಳ್ಳುವವರು ನದಿಯಲ್ಲಿ ಮುಳುಗುತ್ತಾರೆ. ಅಲ್ಲಿ ನದಿಯಲ್ಲಿ ಮುಳುಗಿದ ಪಾಪವನ್ನು ಕಚೇರಿಯಲ್ಲಿ ಕಳೆದುಕೊಳ್ಳುತ್ತಾರೆ.

ಎಲ್ಲ ಪ್ರಾಂತಗಳ ಮಾಹಿತಿಯನ್ನೂ ಒಂದೆಡೆ ಸೇರಿಸಬೇಕೆಂದು ಅಮೆರಿಕದ ಸಂಸತ್ತು 1992ರಲ್ಲಿಯೇ ಕಾನೂನು ಮಾಡಿತು. ಕಾನೂನಿಗೂ ಕೆಲಸಕ್ಕೂ ನಡುವೆ ಕಾಲ ಹರಿಯಿತು. 2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಲಕ್ಷಗಟ್ಟಲೆ ಕಾರುಗಳು ನೀರು ಕುಡಿದವು. ಅವುಗಳಲ್ಲಿ ಅನೇಕ, ಒಣಗಿಸಿ ಒರಸಿ, ದೂರದೂರದ ಊರುಗಳ ಪೇಟೆಗೆ ಬಂದವು. ಅವನ್ನು ಕೊಂಡವರು ಶ್ರೀಮಂತರಲ್ಲ; ಸೆಕೆಂಡ್ ಹ್ಯಾಂಡ್ ಕಾರಿಗಷ್ಟೇ ಹಣ ಕೂಡಿಸಿದ್ದ ಸಾಮಾನ್ಯರು. ಕೊನೆಗೆ 2009ರಲ್ಲಿ ಆ ದಾಖಲೆಯ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ವಿಮಾ ಕಂಪೆನಿಗಳೂ ಗುಜರಿಯವರೂ ತಮ್ಮ ಕೈಸೇರಿದ ಹಾಳು ಕಾರುಗಳ ಪಟ್ಟಿಯನ್ನು ಅದಕ್ಕೆ ಒಪ್ಪಿಸಬೇಕಾಯಿತು. ಇಂದು ಕೊಳ್ಳುವವನು ಕಾರಿನ ಸಂಖ್ಯೆ ಕೊಟ್ಟು, ಅಲ್ಪ ಹಣಕ್ಕೆ, ಅದರ ಪೂರ್ವಾಶ್ರಮವನ್ನು ತಿಳಿಯಬಹುದು. ಬ್ರಿಟನ್ನಿನಲ್ಲಿಯೂ ಹಾಳಾದ ಕಾರುಗಳನ್ನು ವರ್ಗ ಮಾಡುವ ಕ್ರಮವಿದೆ. 2017ರಲ್ಲಿ ಅದನ್ನು ತಿದ್ದಿ, ಚೌಕಟ್ಟಿಗೇ ಪೆಟ್ಟಾದುದು ಬೇರೆ, ಮೈಗೆ ಮಾತ್ರ ಪೆಟ್ಟಾದುದು ಬೇರೆ ಎಂದು ವಿಂಗಡಿಸಿದರು. ಪೆಟ್ಟಿನ ಖರ್ಚಿಗಿಂತ ಪೆಟ್ಟಿನ ಜಾತಿ ಮುಖ್ಯವೆಂಬ ವಿವೇಕ ಈ ತಿದ್ದುಪಡಿಯಲ್ಲಿದೆ.

ಪೆಟ್ಟು ಬಿದ್ದ ಮಾತ್ರಕ್ಕೆ ಕಾರು ಕೆಡುವುದಿಲ್ಲ ಎಂಬುದಕ್ಕೂ ಒಂದು ಪ್ರಸಿದ್ಧ ಸಾಕ್ಷಿಯಿದೆ. ಇಂಗ್ಲೆಂಡಿನ ಹಾಸ್ಯನಟ ರೋವನ್ ಆಟ್ಕಿನ್ಸನ್ ಅವರಲ್ಲಿ ಒಂದು ಮೆಕ್ಲಾರೆನ್ ಎಫ್ ಒನ್ ಕಾರಿದ್ದಿತು. ಆ ಮಾದರಿಯಲ್ಲಿ ಒಟ್ಟು ತಯಾರಾದುದೇ 106. 1999ರಲ್ಲಿ ಅವರು ಅದನ್ನು ಒಂದು ಸಣ್ಣ ಕಾರಿನ ಹಿಂಭಾಗಕ್ಕೆ ಗುದ್ದಿದರು. 2011ರಲ್ಲಿ ಕೇಂಬ್ರಿಡ್ಜಿನ ಸೀಮೆಯಲ್ಲಿ ಒದ್ದೆ ರಸ್ತೆಯಲ್ಲಿ ಜಾರಿ ಮರಕ್ಕೆ ಬಡಿದರು; ಕಾರು ಛಿದ್ರವಾಗಿ ಬೆಂಕಿಯೂ ಹತ್ತಿತು. ವಿಮಾ ಕಂಪೆನಿ ರಿಪೇರಿಗೆಂದು ಒಂಬತ್ತು ಲಕ್ಷ ಪೌಂಡಿಗೂ ಮೀರಿ ತೆತ್ತಿತು. ತಯಾರಿಸಿದ ಕಂಪೆನಿಯವರೇ ಒಂದು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಅದನ್ನು ಮತ್ತೆ ಕಟ್ಟಿದರು. 2015ರಲ್ಲಿ ಅದು ಎಂಬತ್ತು ಲಕ್ಷ ಪೌಂಡಿಗೆ ಮಾರಾಟವಾಯಿತೆಂದು ಪತ್ರಿಕೆಗಳಲ್ಲಿ ಬಂದಿತು. ಎರಡು ಸಲ ಪೆಟ್ಟು ತಿಂದ ಕಾರಿಗೆ ಈ ಬೆಲೆ ಏಕೆ? ಪೆಟ್ಟು ಊರಿಗೆಲ್ಲ ಗೊತ್ತಿತ್ತು. ಕಟ್ಟಿದ ಕೈ ಯಾವುದೆಂಬುದೂ ಗೊತ್ತಿತ್ತು.

ಈಗ ತಕ್ಕಡಿಯನ್ನು ಎತ್ತೋಣ. ಅಗ್ಗದ ಬೆಲೆ ಒಂದು ತಟ್ಟೆಯಲ್ಲಿ. ಇನ್ನೊಂದರಲ್ಲಿ ಮೊದಲನೆಯದು ಮೈಯ ಅಪಾಯ. ಹಳೆಯ ಕಾಲದ ಉಕ್ಕಿನ ಚೌಕಟ್ಟು ಬಗ್ಗಿದರೆ ಕಣ್ಣಿಗೆ ಕಾಣುತ್ತಿತ್ತು, ಸುತ್ತಿಗೆಗೆ ಬಗ್ಗುತ್ತಿತ್ತು. ಇಂದಿನ ಓಟದ ಕಾರುಗಳ ಒಡಲು ಹಲವೆಡೆ ಅಲ್ಯೂಮಿನಿಯಂ ಇಲ್ಲವೆ ಇಂಗಾಲದ ನಾರು. ಕಾಯಿಸಿ ಹದ ಮಾಡಿದ ಅಲ್ಯೂಮಿನಿಯಮ್ಮನ್ನು ತಿಳಿಯದವರು ಬೆಸೆದರೆ ಬೆಸುಗೆಯ ಸುತ್ತ ಅದರ ಹದ ಹೋಗುತ್ತದೆ. ಇಂಗಾಲದ ನಾರು ಒಳಪದರಗಳಲ್ಲಿ ಬಿಟ್ಟುಕೊಂಡಿದ್ದರೂ ಮೇಲೆ ಬಣ್ಣ ನಗುತ್ತಿರುತ್ತದೆ. ಶಬ್ದತರಂಗ ಹಾಯಿಸಿ ನೋಡುವ ತಜ್ಞರೇ ಅದನ್ನು ಹೇಳಬಲ್ಲರು. ಎರಡನೆಯದು ನಾಳೆಯ ಅಪಾಯ. ಮುದ್ರೆ ಬಿದ್ದ ಕಾರಿಗೆ ಪೂರ್ತಿ ವಿಮೆ ಕೊಡಲು ಅನೇಕ ಕಂಪೆನಿಗಳು ಒಪ್ಪವು. ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ತಯಾರಕರು ತಮ್ಮ ಭರವಸೆಯನ್ನು ಹಿಂತೆಗೆದುಕೊಂಡಿರುತ್ತಾರೆ. ಅಗ್ಗಕ್ಕೆ ಕೊಂಡವನು ಅಗ್ಗಕ್ಕೇ ಮಾರಬೇಕು. ಆದರೆ ಬಿಡಿಭಾಗದ ಬೆಲೆ ಮಾತ್ರ ಅಗ್ಗವಲ್ಲ; ಅಲ್ಲಿ ಫೆರಾರಿ ಫೆರಾರಿಯೇ.

ಮೂರನೆಯದು ಕಾಗದದ ಅಪಾಯ. ನನ್ನ ಅಭಿಪ್ರಾಯದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಮೊದಲೆರಡನ್ನು ಹಣದಿಂದಲೂ ತಜ್ಞರಿಂದಲೂ ಅಳೆಯಬಹುದು. ಆದರೆ ಕಥೆಯೇ ಸುಳ್ಳಾದರೆ ಅಳತೆಗೋಲೇ ಸುಳ್ಳಾದಂತೆ. ಆದ್ದರಿಂದ ಮುದ್ರೆ ಬಿದ್ದ ಕಾರಿಗಿಂತ ಹೆಚ್ಚು ಅಂಜಬೇಕಾದದ್ದು ಮುದ್ರೆ ತೊಳೆದ ಕಾರಿಗೆ. ಮುದ್ರೆಯಿರುವುದು ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ. ಪೆಟ್ಟು ಬಿದ್ದ ದಿನದ ಚಿತ್ರಗಳು, ವಿಮೆಯವರ ವರದಿ, ರಿಪೇರಿಯ ಪ್ರತಿಯೊಂದು ರಸೀತಿ, ಕೆಲಸ ಮಾಡಿದವರ ವಿಳಾಸ ಇವಿಷ್ಟನ್ನು ಮುಂದಿಟ್ಟು ಮಾರುವವನೊಡನೆ ಬೆಲೆ ಮಾತನಾಡಬಹುದು. ‘ಸಣ್ಣ ಪೆಟ್ಟು, ಎಲ್ಲ ಸರಿ ಮಾಡಿಸಿದೆ’ ಎಂದು ಬರಿಯ ಬಾಯಿಮಾತಿನಲ್ಲಿ ಹೇಳುವವನಿಗೆ ನಮಸ್ಕಾರ ಹೇಳಿ ಹಿಂತಿರುಗುವುದು ಮೇಲು.

ಇದೆಲ್ಲ ಪರದೇಶದ ದೊಡ್ಡವರ ಸಮಾಚಾರ, ನಮಗೇನು ಎನ್ನುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳು ಮಳೆಗೆ ಕೆರೆಗಳಾದಾಗ, ನೆಲಮಾಳಿಗೆಗಳಲ್ಲಿ ಬಗೆಬಗೆಯ ಬೆಲೆಬಾಳುವ ಕಾರುಗಳು ಕಿಟಕಿಯ ಮಟ್ಟಕ್ಕೆ ಮುಳುಗಿ ನಿಂತದ್ದನ್ನು ನಾವೆಲ್ಲ ನೋಡಿದೆವು. ಕೆರೆಯ ಜಾಗದಲ್ಲಿ ಊರು ಕಟ್ಟಿದ್ದೇವೆಂಬುದನ್ನು ಕೆರೆ ಮರೆತಿರಲಿಲ್ಲ. ನಮ್ಮ ದೇಶದ ವಿಮೆಯ ನಿಯಮದಲ್ಲಿ, ರಿಪೇರಿಯ ವೆಚ್ಚ ಕಾರಿನ ನಿಗದಿಯಾದ ಮೌಲ್ಯದ ಶೇಕಡ 75ನ್ನು ಮೀರಿದರೆ ಅದು ಪೂರ್ಣ ನಷ್ಟವೆಂದೇ ಲೆಕ್ಕ. ಮತ್ತೆ ಬಳಸಲಾಗದಂತೆ ನಾಶವಾದ ವಾಹನದ ಸಂಗತಿಯನ್ನು ಮಾಲೀಕ ಹದಿನಾಲ್ಕು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ ನೋಂದಣಿ ಪತ್ರವನ್ನು ಒಪ್ಪಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಆದರೆ ನಾಶವಾಯಿತೆನ್ನುವುದಕ್ಕೂ ರಿಪೇರಿಯಾಗಬಹುದೆನ್ನುವುದಕ್ಕೂ ನಡುವೆ ವಿಶಾಲವಾದ ಕೆಸರುಗದ್ದೆಯಿದೆ. ಮುಳುಗಿದ ಕಾರುಗಳು ಆ ಗದ್ದೆಯನ್ನು ದಾಟಿಕೊಂಡು ಪೇಟೆಗೆ ಬರುತ್ತವೆ.

ನಮ್ಮ ಜಾತ್ರೆಯ ರೈತ ಹಲ್ಲು ನೋಡುವಾಗ ಮಾರುವವನೂ ಪಕ್ಕದಲ್ಲಿಯೇ ನಿಂತಿರುತ್ತಾನೆ. ಎತ್ತು ಯಾರ ಮನೆಯಲ್ಲಿ ಹುಟ್ಟಿತು, ಯಾರ ಹೊಲ ಉತ್ತಿತು ಎಂದು ಹೇಳುವುದಕ್ಕೆ ಊರಿನವರು ನಾಲ್ಕು ಮಂದಿ ಇರುತ್ತಾರೆ. ಆ ನಾಲ್ಕು ಮಂದಿಯ ಕೆಲಸವನ್ನೇ ಇಂದು ಒಂದು ಕಾಗದ ಮಾಡಬೇಕಾಗಿದೆ. ಸರೋವರದ ಬುಗಾಟ್ಟಿಯನ್ನು ಕೊಂಡವರಿಗೂ ಉಪ್ಪುನೀರಿನ ಬುಗಾಟ್ಟಿಯ ವಿಮೆ ಇಳಿಸಿದವರಿಗೂ ಇದ್ದ ವ್ಯತ್ಯಾಸ ಇಷ್ಟೇ: ಮೊದಲನೆಯವರ ಮುಂದೆ ಎಮ್ಮೆ ನೀರಿನಿಂದ ಎದ್ದು ನಿಂತಿತ್ತು. ಅಗ್ಗದ ಆಸೆ ಹುಟ್ಟಿದವರು ಮಾರುವವನಿಗೆ ಆ ಒಂದು ಮಾತನ್ನು ಹೇಳಿದರೆ ಸಾಕು. ಎಮ್ಮೆಯನ್ನು ದಡಕ್ಕೆ ಹೊಡೆದುಕೊಂಡು ಬಾರಪ್ಪ, ಆಮೇಲೆ ಬೆರಳು ಹಿಡಿಯೋಣ.